ಸುಮಾತ್ರಾ ಪುಸ್ತಕದ ೨೧೪ನೇ ಪುಟ

ಯಾರಾದರೂ ಹೊಸ ಪ್ರಬಂಧ ತಂದು ಕೈಗಿಟ್ಟರೆ ನಾನು ಮೊದಲು ತೆಗೆಯುವುದು ಅದರ ಕೊನೆಯ ಪುಟಗಳನ್ನು, ಆಕರಗ್ರಂಥಗಳ ಪಟ್ಟಿಯನ್ನು. ಬಜಿ ಕಟ್ಟಿಕೊಟ್ಟ ಕಾಗದದ ಎಣ್ಣೆ ನೋಡಿಯೇ ಅಂಗಡಿಯ ಕಡಾಯಿ ಎಂಥದ್ದೆಂದು ಹೇಳುವವರಿದ್ದಾರಲ್ಲ, ಹಾಗೆ. ಆ ಪಟ್ಟಿ ನೋಡಿದರೆ ಸಾಕು, ಬರೆದವರು ಗ್ರಂಥಾಲಯದ ಮೆಟ್ಟಿಲು ಹತ್ತಿದ್ದಾರೋ ಇಲ್ಲವೋ ನನಗೆ ಗೊತ್ತಾಗುತ್ತದೆ. ಹತ್ತರಲ್ಲಿ ಎಂಟು ಸಲ ಪ್ರಬಂಧ ಮುಚ್ಚಿಟ್ಟು ಕೈ ತೊಳೆದುಕೊಂಡು ಬರಬೇಕೆನ್ನಿಸುತ್ತದೆ. ಇಡೀ ಆಯುಷ್ಯ ಪುಸ್ತಕಗಳ ನಡುವೆ ಕಳೆದವಳು ಹೀಗೆ ಮಾತಾಡಬಾರದು ಎನ್ನುತ್ತಾಳೆ ನನ್ನ ತಂಗಿ. ಪುಸ್ತಕಗಳ ಮೇಲೆ ನನಗೇನೂ ಸಿಟ್ಟಿಲ್ಲ. ಅವನ್ನು ಮುಟ್ಟದೆ, ಅವುಗಳ ಹೆಸರು ಹೇಳಿ ಉಂಡವರ ಮೇಲೆ ಇದೆ. ಆ ಪಂಕ್ತಿಯಲ್ಲಿ ನಾನೂ ಒಮ್ಮೆ ಎಲೆ ಹಾಕಿಸಿಕೊಂಡು ಕೂತಿದ್ದೆ. ಅದನ್ನು ಹೇಳದೆ ಬೇರೆಯವರನ್ನು ಬೈದರೆ ನಾಲಗೆಗೆ ಹುಳ ಬಿದ್ದೀತು.

ತೊಂಬತ್ತರ ದಶಕದ ಆರಂಭದಲ್ಲಿ ಧಾರವಾಡದ ಒಂದು ಸ್ನಾತಕೋತ್ತರ ಸಂಸ್ಥೆಯ ಗ್ರಂಥಾಲಯಕ್ಕೆ ಸಹಾಯಕಿಯಾಗಿ ಸೇರಿದೆ. ಸಂಸ್ಥೆಯ ಹೆಸರು ಬೇಡ. ಉಣಕಲ್ಲಿನ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಮತ್ತೆ ಅದೇ ರಸ್ತೆಯಲ್ಲಿ ತಿರುಗಿ ಬರುವುದು. ನೌಕರಿ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಕಾಗದ ನಮ್ಮ ಗ್ರಂಥಪಾಲಕರ ಮೇಜಿನ ಮೇಲೆ, ಗಾಜಿನ ಪೇಪರ್‌ವೇಟಿನ ಕೆಳಗೆ ಇರುತ್ತಿತ್ತು. ಅವರ ಕೋಣೆಗೆ ಹೋದಾಗಲೆಲ್ಲ ಕಣ್ಣು ಮೊದಲು ಅದರ ಕಡೆಗೇ ಹೋಗುತ್ತಿತ್ತು. ಅವರಿಗೂ ಅದು ಗೊತ್ತಿತ್ತು, ಅದಕ್ಕೇ ಅದನ್ನು ಡ್ರಾವರಿನೊಳಗೆ ಇಡುತ್ತಿರಲಿಲ್ಲ.

ನಮ್ಮಲ್ಲಿ ಏಷ್ಯಾ ಅಧ್ಯಯನ ಎಂಬ ವಿಭಾಗವಿತ್ತು. ಚೀನಾ, ಜಪಾನು, ಬರ್ಮಾ, ಸಿಂಹಳ, ಜಾವಾ, ಸುಮಾತ್ರಾ ಎಲ್ಲವೂ ಎರಡು ಕೋಣೆ ಮತ್ತು ಒಂದು ವರಾಂಡದಲ್ಲಿ ಅಡಗಿದ್ದವು. ಗೋಡೆಯ ಮೇಲೊಂದು ದೊಡ್ಡ ನಕಾಶೆ ಇತ್ತು. ಅದರಲ್ಲಿದ್ದ ಬರ್ಮಾ ದೇಶವನ್ನು ಗೆದ್ದಲು ಪೂರಾ ತಿಂದಿತ್ತು. ಎಂ.ಫಿಲ್. ಮಾಡುವ ಹುಡುಗ ಹುಡುಗಿಯರಿಗೆ ‘ಗ್ರಂಥಾಲಯ ಬಳಕೆ ಮತ್ತು ಸಂಶೋಧನಾ ವಿಧಾನ’ ಎಂಬ ಒಂದು ಪತ್ರಿಕೆ ಕಡ್ಡಾಯ. ಅದನ್ನು ಕಲಿಸುತ್ತಿದ್ದವರು ವಿಭಾಗದ ಮುಖ್ಯಸ್ಥರಾದ ಪ್ರಾಧ್ಯಾಪಕರು. ಇಸ್ತ್ರಿ ಮುರಿಯದ ಸಫಾರಿ, ಜೇಬಿನಲ್ಲಿ ಎರಡು ಪೆನ್ನು, ಧಾರವಾಡದ ಹಳೆಯ ಮನೆತನ. ಅವರ ಮನೆಯಲ್ಲಿ ತಂಬೂರಿ, ಮಾತಿನಲ್ಲಿ ಸಕ್ಕರೆ. ಊರೆಲ್ಲ ಅವರನ್ನು ಹೊಗಳುತ್ತಿತ್ತು.

ಅವರ ಪಾಠವೆಂದರೆ ಹಳದಿ ತಿರುಗಿದ ಒಂದು ಕಟ್ಟು ಹಾಳೆ. ಅದನ್ನು ನೋಡಿ ಹೇಳುವುದು, ಹುಡುಗರು ಬರೆದುಕೊಳ್ಳುವುದು. ಅವರ ತರಗತಿ ನಮ್ಮ ಓದುವ ಕೋಣೆಯ ಪಕ್ಕದಲ್ಲೇ ಇದ್ದುದರಿಂದ ವರ್ಷ ವರ್ಷವೂ ನನ್ನ ಕಿವಿಗೂ ಬೀಳುತ್ತಿತ್ತು. “ಗ್ರಂಥಾಲಯವು ಜ್ಞಾನದ ಭಂಡಾರವಾಗಿದೆ, ಪೂರ್ಣವಿರಾಮ. ಗ್ರಂಥಾಲಯವು ಸಂಶೋಧಕನ ಪ್ರಯೋಗಶಾಲೆಯಾಗಿದೆ, ಪೂರ್ಣವಿರಾಮ. ಗ್ರಂಥಾಲಯದ ಹತ್ತು ಉಪಯೋಗಗಳು, ಕೆಳಗೆ ಗೆರೆ ಹಾಕ್ರಿ.” ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಪರೀಕ್ಷೆಯಲ್ಲಿ ಆ ಹತ್ತು ಉಪಯೋಗ ಕೇಳುತ್ತಿದ್ದರು. ಗ್ರಂಥಾಲಯದ ಬಾಗಿಲು ಎಡಕ್ಕೋ ಬಲಕ್ಕೋ ಎಂದು ತಿಳಿಯದ ಹುಡುಗರು ಆ ಹತ್ತನ್ನೂ ಬರೆದು ಮೊದಲ ದರ್ಜೆಯಲ್ಲಿ ಪಾಸಾಗುತ್ತಿದ್ದರು. ನಾನಿದ್ದ ಅಷ್ಟು ವರ್ಷಗಳಲ್ಲಿ ಆ ಪ್ರಾಧ್ಯಾಪಕರು ನಮ್ಮ ಗ್ರಂಥಾಲಯದ ಒಳಗೆ ಬಂದದ್ದು ಮೂರು ಸಲ. ಎರಡು ಸಲ ಪುಸ್ತಕ ಪ್ರದರ್ಶನದ ದೀಪ ಹಚ್ಚಲಿಕ್ಕೆ. ಇನ್ನೊಂದು ಸಲ ಅವರ ವಿಭಾಗದ ನಳ ಕೆಟ್ಟಿತ್ತು, ನಮ್ಮ ಪಾಯಖಾನೆಗೆ ಬಂದಿದ್ದರು.

ಪ್ರಾಯೋಗಿಕ ಅಂತ ಶನಿವಾರ ಒಂದು ತಾಸು ನನಗೆ ಬಿಟ್ಟಿದ್ದರು. ಕಾರ್ಡು ಹೇಗೆ ನೋಡಬೇಕು, ನಂಬರು ಹಿಡಿದು ರ‍್ಯಾಕಿನವರೆಗೆ ಹೇಗೆ ಹೋಗಬೇಕು, ಒಂದು ಪುಸ್ತಕದ ಹಿಂದಿನ ಸೂಚಿಯಿಂದ ಇನ್ನೊಂದು ಪುಸ್ತಕಕ್ಕೆ ಹೇಗೆ ದಾಟಬೇಕು, ಇವನ್ನು ತೋರಿಸುವುದು ನನ್ನ ಕೆಲಸ. ಹಾಜರಿ ಹಾಕಿಸಿಕೊಂಡ ಮೇಲೆ ಹುಡುಗರು ಒಬ್ಬೊಬ್ಬರೇ ಚಹಾಕ್ಕೆ ಜಾರುತ್ತಿದ್ದರು. ಅವರನ್ನು ಬೈಯಲಿಕ್ಕೆ ನನಗೆ ಮುಖವಿರಲಿಲ್ಲ, ಯಾಕೆಂದರೆ ನಾನು ಕಲಿಸುತ್ತಿದ್ದ ಆ ಕಾರ್ಡಿನ ಡ್ರಾವರುಗಳು ಎಷ್ಟು ಖರೆ ಹೇಳುತ್ತಿದ್ದವು ಎಂಬುದು ನನಗೆ ಮಾತ್ರ ಗೊತ್ತಿತ್ತು.

ಅದೊಂದು ಪದ್ಧತಿ. ಪುಸ್ತಕಗಳಿಗೆ ಆರ್ಡರು ಹೋದ ದಿನವೇ ನಮ್ಮಲ್ಲಿ ಕಾರ್ಡು ಟೈಪು ಮಾಡಿ ಡ್ರಾವರಿಗೆ ಸೇರಿಸಿಬಿಡುತ್ತಿದ್ದರು. ಇದ್ದದ್ದು ಒಂದೇ ಟೈಪ್‌ರೈಟರು, ಪುಸ್ತಕ ಬಂದಾಗ ಕೆಲಸ ಗುಡ್ಡೆ ಬೀಳಬಾರದೆಂದು ಯಾರೋ ಹಿಂದಿನವರು ಶುರು ಮಾಡಿದ್ದು. ಕೂಸು ಹುಟ್ಟುವ ಮುಂಚೆ ಕುಲಾಯಿ ಹೊಲಿಸುವುದು ಅನ್ನುತ್ತಾರಲ್ಲ, ಅದೇ. ಆದರೆ ಅದರಲ್ಲಿ ಒಂದು ಜಾಣತನವಿತ್ತು. ಪುಸ್ತಕ ಬರುವವರೆಗೂ ಕಾರ್ಡಿನ ಎಡಮೂಲೆಯ ನಂಬರನ್ನು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ಪುಸ್ತಕ ಬಂದು, ದಪ್ಪ ದಾಖಲಾತಿ ರಜಿಸ್ಟರಿನಲ್ಲಿ ಕ್ರಮಸಂಖ್ಯೆ ಹತ್ತಿದ ಮೇಲೆ ಆ ನಂಬರಿನ ಮೇಲೆ ಶಾಯಿ ಹಾಯಿಸುವುದು. ಪೆನ್ಸಿಲು ಅಂದರೆ ಪುಸ್ತಕ ಬಂದಿಲ್ಲ, ಶಾಯಿ ಅಂದರೆ ಬಂದಿದೆ. ಇದು ಒಳಗಿನ ನಾಲ್ಕು ಮಂದಿಗೆ ಗೊತ್ತಿದ್ದ ಗುಟ್ಟು. ಹೊರಗಿನವರಿಗೆ ಹೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬಾರದೇ ಹೋದ ಪುಸ್ತಕಗಳ ಕಾರ್ಡನ್ನು ಕಿತ್ತುಹಾಕುವುದು ಯಾರ ಕೆಲಸವೂ ಆಗಿರಲಿಲ್ಲ, ಆದ್ದರಿಂದ ಅವು ಅಲ್ಲೇ ಇದ್ದವು.

ನಾನು ಸೇರಿದ ಮರುವರ್ಷ ತಪಾಸಣೆಗೆ ಒಂದು ಕಮಿಟಿ ಬರುವುದಿತ್ತು. ಗೋಡೆಗೆ ಸುಣ್ಣ, ಗಿಡದ ಬುಡಕ್ಕೆ ಗೇರುಮಣ್ಣಿನ ಕೆಂಪು, ಸಿಪಾಯಿಗೆ ಹೊಸ ಟೊಪ್ಪಿಗೆ. ಗ್ರಂಥಪಾಲಕರು ನನ್ನನ್ನು ಕರೆದರು.

“ಬಾಯಾರ, ಕಾರ್ಡ್ ಮ್ಯಾಲೆ ಪೆನ್ಸಿಲ್ ನೋಡಿದ್ರ ಅವರು ಏನು ತಿಳ್ಕೋಬೇಕ್ರಿ? ಎಲ್ಲಾ ಶಾಯಿಲೆ ತಿದ್ದಿಬಿಡ್ರಿ.”

“ಸರ, ಪುಸ್ತಕ ಬಂದಿಲ್ಲಲ್ರಿ ಅವು.”

“ಬರತಾವ ಬಿಡ್ರಿ. ಬರೋರಿಗೆ ಮೊದಲ ಜಾಗಾ ಹಿಡಿದಿಡೋದು ತಪ್ಪೇನು?” ಎಂದು ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು.

ಎರಡು ದಿನ ಕೂತು ತಿದ್ದಿದೆ. ನನ್ನ ಅಕ್ಷರ ಚಂದ, ಅದನ್ನು ಎಲ್ಲರೂ ಹೇಳುತ್ತಿದ್ದರು. ಒಂದೊಂದು ನಂಬರಿನ ಮೇಲೂ ಕರಿ ಶಾಯಿ ಹಾಯಿಸಿ ಒಣಗಲು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ಕಮಿಟಿಯವರು ಬಂದರು, ಉಪ್ಪಿಟ್ಟು ಶಿರಾ ತಿಂದರು, ಒಂದು ಡ್ರಾವರು ಎಳೆದು ನೋಡಿ ‘ಛಲೋ ಇಟ್ಟೀರಿ’ ಅಂದರು. ಹಾಗೆ ನಾನು ತಿದ್ದಿದ ಕಾರ್ಡುಗಳಲ್ಲಿ ಸುಮಾತ್ರಾ ಪುಸ್ತಕದ್ದೂ ಒಂದು. ನಮ್ಮ ಕರಾವಳಿಯಿಂದ ಹಡಗು ಹತ್ತಿ ಸುಮಾತ್ರಾದ ದಂಡೆಗೆ ಹೋದ ಹಳೆಯ ಕಾಲದ ವ್ಯಾಪಾರಿಗಳ ಕುರಿತ ಇಂಗ್ಲಿಷ್ ಪುಸ್ತಕ ಅದು. ಹಿಂದೊಮ್ಮೆ ಪ್ರಾಧ್ಯಾಪಕರೇ ತಮ್ಮ ಪಿಎಚ್.ಡಿ.ಗೆ ಬೇಕೆಂದು ಆರ್ಡರು ಹಾಕಿಸಿದ್ದರು. ಪುಸ್ತಕ ಬರಲಿಲ್ಲ. ಪಿಎಚ್.ಡಿ. ಬಂತು.

ಮುಂದಿನ ಒಂದೆರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಆ ಹುಡುಗಿ ಬಂದಳು.

ಅವಳು ರಾಯಾಪುರದ ಆಚೆಗಿನ ಹಳ್ಳಿಯವಳು, ಬೈರಿದೇವರಕೊಪ್ಪದಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ತಾಯಿ ಹುಬ್ಬಳ್ಳಿಯ ಒಂದು ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದಳು. ಹುಬ್ಬಳ್ಳಿಯ ಒಂದು ಕಾಲೇಜಿನವರು ಅವಳಿಗೆ ಮಾತು ಕೊಟ್ಟಿದ್ದರು: ಜೂನಿನೊಳಗೆ ಎಂ.ಫಿಲ್. ಮುಗಿಸಿಕೊಂಡು ಬಂದರೆ ಉಪನ್ಯಾಸಕಿಯ ಕೆಲಸ, ಇಲ್ಲದಿದ್ದರೆ ಬೇರೆಯವರು ಸಾಲಿನಲ್ಲಿದ್ದಾರೆ. ಅವಳಿಗೆ ಮಾರ್ಗದರ್ಶಕರು ಅದೇ ಪ್ರಾಧ್ಯಾಪಕರು. ಶನಿವಾರದ ನನ್ನ ತಾಸಿನಲ್ಲಿ ಕೊನೆಯವರೆಗೂ ಉಳಿಯುತ್ತಿದ್ದವಳು ಅವಳೊಬ್ಬಳೇ. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರಲಿಲ್ಲ, ಎದ್ದು ಹೋಗಿ ಮಾಡಿ ನೋಡುತ್ತಿದ್ದಳು. ಅಷ್ಟು ವರ್ಷಕ್ಕೆ ನನ್ನ ಮಾತು ನಂಬಿ ರ‍್ಯಾಕಿನವರೆಗೆ ನಡೆದ ಮೊದಲ ವಿದ್ಯಾರ್ಥಿನಿ. ಅವಳನ್ನು ಕಂಡರೆ ನನಗೆ ಜೀವ.

ಒಂದು ಶನಿವಾರ ಬಂದು ನಿಂತಳು. “ಅಕ್ಕಾರ, ಸುಮಾತ್ರಾ ಪುಸ್ತಕ ರ‍್ಯಾಕಿನ್ಯಾಗ ಇಲ್ರಿ.”

ಆಗಲೇ ಹೇಳಿಬಿಡಬೇಕಿತ್ತು. ಬಾಯಿಗೆ ಬಂದದ್ದು ಬೇರೆ. “ಯಾರೋ ಅತ್ತಾಗ ಇತ್ತಾಗ ಇಟ್ಟಿರಬೇಕ ನೋಡ ತಂಗಿ. ಹುಡುಕು, ಸಿಗತೈತಿ.”

ಅವಳು ಹುಡುಕಿದಳು. ಮಂದಿ ಹುಡುಕಿದಂತೆ ಕಣ್ಣಾಡಿಸಿ ಬರಲಿಲ್ಲ. ಒಂದೊಂದು ರ‍್ಯಾಕು, ಒಂದೊಂದು ಸಾಲು, ಮುಂದಿನ ಸಾಲಿನ ಹಿಂದೆ ಬಿದ್ದವನ್ನೂ ತೆಗೆದು ನೋಡಿದಳು. ಕಾಲೇಜಿಲ್ಲದ ದಿನವೂ ಬಂದಳು. ದಾವಣಿಯನ್ನು ಮೂಗಿಗೆ ಕಟ್ಟಿಕೊಂಡು, ಸೀನುತ್ತ, ಮೂರು ವಾರ ಹುಡುಕಿದಳು. ನಾನು ಟೇಬಲ್ಲಿನ ಹಿಂದೆ ಕೂತು ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದೆ. ಅವಳು ಇಲ್ಲದ್ದನ್ನು ಹುಡುಕುತ್ತಿದ್ದಳು, ಇಲ್ಲವೆಂದು ಗೊತ್ತಿದ್ದ ನಾನು ಚೀಟಿಗೆ ಅಂಟು ಹಚ್ಚುತ್ತಿದ್ದೆ. 

ನಾಲ್ಕನೆಯ ಶನಿವಾರ ಅವಳು ಒಂದು ಚೀಟಿ ತಂದು ಕೊಟ್ಟಳು. ತಪ್ಪು ಜಾಗದಲ್ಲಿದ್ದ ಹದಿನೇಳು ಬೇರೆ ಪುಸ್ತಕಗಳನ್ನು ಅವಳು ಹುಡುಕಿ, ಅವವುಗಳ ಜಾಗಕ್ಕೆ ಇಟ್ಟಿದ್ದಳು. ಅವುಗಳ ಪಟ್ಟಿ ಅದು. “ಅದೊಂದ ಸಿಗಲಿಲ್ರಿ. ನಾನ ಸರಿಯಾಗಿ ನೋಡಿಲ್ಲೇನೋ,” ಅಂದಳು.

ಅಲ್ಲಿಗೆ ನನ್ನ ತಡೆ ಮುಗಿಯಿತು. ಗ್ರಂಥಪಾಲಕರು ಊಟಕ್ಕೆ ಹೋದ ಹೊತ್ತು ನೋಡಿ ಅವಳನ್ನು ಒಳಗೆ ಕರೆದು, ಕಪಾಟಿನಿಂದ ದಾಖಲಾತಿ ರಜಿಸ್ಟರು ತೆಗೆದು ತೋರಿಸಿದೆ. ಪೆನ್ಸಿಲು, ಶಾಯಿ, ಕಮಿಟಿ ಎಲ್ಲ ಹೇಳಿದೆ. ಕಾರ್ಡು ಸುಳ್ಳು ಹೇಳಬಹುದು, ರಜಿಸ್ಟರು ಹೇಳುವುದಿಲ್ಲ. ಅದರಲ್ಲಿ ಆ ಪುಸ್ತಕ ಇರಲಿಲ್ಲ. ಶಾಯಿ ಹಾಯಿಸಿದ ಕೈ ನನ್ನದೇ ಎಂದೂ ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಅವಳಿಗೆ ಬೇರೆಯೇ ಒಂದು ವಿಷಯ ಹೊಳೆದಿತ್ತು.

“ಹಂಗಾರ ಇವರೆಲ್ಲಾ ಎಲ್ಲಿ ಓದಿದ್ರು ಅಕ್ಕಾರ?”

ನಮ್ಮಲ್ಲಿದ್ದ ಹಳೆಯ ಪ್ರಬಂಧಗಳನ್ನು ಅವಳು ಓದಿದ್ದಳು. ಪ್ರಾಧ್ಯಾಪಕರ ಪಿಎಚ್.ಡಿ. ಮಹಾಪ್ರಬಂಧದಲ್ಲಿ ಒಂದು ಸಾಲು ಇತ್ತು: ನಮ್ಮ ವ್ಯಾಪಾರಿಗಳು ಸುಮಾತ್ರಾದಲ್ಲಿ ತಮ್ಮದೇ ಕಾಯಂ ಕೇರಿ ಕಟ್ಟಿಕೊಂಡು ತಲೆಮಾರುಗಟ್ಟಲೆ ನೆಲೆಸಿದ್ದರು. ಅದಕ್ಕೆ ಕೆಳಗೆ ಅಡಿಟಿಪ್ಪಣಿ, ಸುಮಾತ್ರಾ ಪುಸ್ತಕ, ಪುಟ ೨೧೪. ಅವರ ಕೈಕೆಳಗೆ ಬರೆದ ಆರು ಜನರ ಪ್ರಬಂಧಗಳಲ್ಲೂ ಅದೇ ಸಾಲು, ಅದೇ ಪುಸ್ತಕ, ಅದೇ ಪುಟ. ಆರು ಜನವೂ ಮುನ್ನುಡಿಯಲ್ಲಿ ನಮ್ಮ ಗ್ರಂಥಾಲಯಕ್ಕೆ ಕೃತಜ್ಞತೆ ಹೇಳಿದ್ದರು. ಥೂ ಅನ್ನಿಸಿತು. ಒಬ್ಬ ಉಗಿದ ಎಲೆಅಡಿಕೆಯನ್ನು ಸಾಲಾಗಿ ಆರು ಜನ ಬಾಯಿಗೆ ಹಾಕಿಕೊಂಡಂತೆ. ಆದರೂ, ಪ್ರಾಧ್ಯಾಪಕರು ಬೇರೆ ಊರಿನಲ್ಲಿ ಎಲ್ಲೋ ಆ ಪುಸ್ತಕ ಓದಿರಬಹುದು ಎಂದು ಅವಳಿಗೆ ಹೇಳಿದೆ. ಹಾಗೆ ಹೇಳಿದ್ದು ಅವಳ ಸಮಾಧಾನಕ್ಕಲ್ಲ.

ಅವಳು ತನ್ನ ಪ್ರಬಂಧದಲ್ಲಿ ಆ ಸಾಲು ಬಂದ ಕಡೆ ಹೀಗೆ ಅಡಿಟಿಪ್ಪಣಿ ಬರೆದಳು: ಈ ಮಾತಿಗೆ ಆಧಾರವೆಂದು ಹೇಳುವ ಪುಸ್ತಕವನ್ನು ನಾನು ನೋಡಿಲ್ಲ; ಅದು ಈ ಗ್ರಂಥಾಲಯದಲ್ಲಿ ಇಲ್ಲ; ಹಿಂದಿನವರು ಬರೆದದ್ದನ್ನು ಮಾತ್ರ ಇಲ್ಲಿ ಹೇಳುತ್ತಿದ್ದೇನೆ. ಅಷ್ಟೇ. ಬೈದಿರಲಿಲ್ಲ, ಬೆರಳು ತೋರಿಸಿರಲಿಲ್ಲ. ಸಂಶೋಧನೆ ಅಂದರೆ ಹೇಗಿರಬೇಕು ಎಂದು ಯಾರಾದರೂ ನನ್ನನ್ನು ಕೇಳಿದ್ದರೆ ಆ ಮೂರು ಸಾಲನ್ನು ತೋರಿಸುತ್ತಿದ್ದೆ. ಯಾರೂ ಕೇಳಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಪ್ರಾಧ್ಯಾಪಕರ ಕೋಣೆಯಿಂದ ಕರೆ ಬಂತು, ಕಾರ್ಡಿನ ಡ್ರಾವರು ತೆಗೆದುಕೊಂಡು ಬರಬೇಕೆಂದು. ಸಿಪಾಯಿ ಡ್ರಾವರು ಹೊತ್ತ, ಹಿಂದೆ ನಾನು ಮತ್ತು ಗ್ರಂಥಪಾಲಕರು. ಅಲ್ಲಿ ಆ ಹುಡುಗಿ ಮೇಜಿನ ಎದುರು ನಿಂತಿದ್ದಳು. ಟೈಪಾದ ಪ್ರಬಂಧ ಮೇಜಿನ ಮೇಲಿತ್ತು. ಮಾರ್ಗದರ್ಶಕರ ಸಹಿ ಆಗಬೇಕಾದ ಪುಟ ಮೇಲೆಯೇ ಇತ್ತು, ಸಹಿ ಇರಲಿಲ್ಲ. ಪ್ರಬಂಧ ಸಲ್ಲಿಸಲು ಉಳಿದದ್ದು ನಾಲ್ಕು ದಿನ.

ಪ್ರಾಧ್ಯಾಪಕರು ದನಿ ಏರಿಸಲಿಲ್ಲ. ಅವರು ಏರಿಸುವವರೇ ಅಲ್ಲ. “ನೋಡವಾ, ನಾ ನಿನಗ ಒಂದು ವರ್ಷ ಗ್ರಂಥಾಲಯ ಬಳಸೋದು ಕಲಿಸೀನಿ. ನೀ ಏನು ಬರದಿ? ಪುಸ್ತಕನ ಇಲ್ಲಾ ಅಂತ ಬರದಿ. ಇಲ್ಲೇ ಕಾರ್ಡ್ ಅದ.” ಡ್ರಾವರಿನಲ್ಲಿ ಬೆರಳಾಡಿಸಿ ಕಾರ್ಡು ಹುಡುಕಲು ಅವರಿಗೆ ಬರಲಿಲ್ಲ. ಸಿಪಾಯಿಯೇ ತೆಗೆದುಕೊಟ್ಟ. ಅದನ್ನು ನನ್ನ ಕಡೆ ಹಿಡಿದರು. “ಇದು ಯಾರ ಅಕ್ಷರರೀ ಬಾಯಾರ?”

“ನಂದರಿ ಸರ.”

“ಹಂಗಾದ್ರ ಪುಸ್ತಕ ಅದನೋ ಇಲ್ಲೋ?”

ರಜಿಸ್ಟರು ತರಿಸಿ ನೋಡಿದರೆ ಎರಡು ನಿಮಿಷದ ಮಾತು. ಆ ಕೋಣೆಯಲ್ಲಿ ಅದು ನನಗೆ ಗೊತ್ತಿತ್ತು, ಗ್ರಂಥಪಾಲಕರಿಗೆ ಗೊತ್ತಿತ್ತು, ಆ ಹುಡುಗಿಗೆ ಗೊತ್ತಿತ್ತು, ಡ್ರಾವರು ಹೊತ್ತು ನಿಂತ ಸಿಪಾಯಿಗೂ ಗೊತ್ತಿತ್ತು. ಗೊತ್ತಿಲ್ಲದವರು ಗ್ರಂಥಾಲಯ ಬಳಕೆ ಕಲಿಸುವ ಪ್ರಾಧ್ಯಾಪಕರೊಬ್ಬರೇ. ನಾನು ಗ್ರಂಥಪಾಲಕರ ಮುಖ ನೋಡಿದೆ. ಅವರು ಗೋಡೆಯ ನಕಾಶೆಯಲ್ಲಿ ತೂತುಬಿದ್ದ ಬರ್ಮಾ ನೋಡುತ್ತಿದ್ದರು. ನನಗೆ ಪೇಪರ್‌ವೇಟಿನ ಕೆಳಗಿನ ಕಾಗದ ಕಣ್ಣಿಗೆ ಕಟ್ಟಿತು.

“ಕಾರ್ಡ್ ಐತ್ರಿ ಸರ,” ಅಂದೆ.

ಅಡ್ಡಗೋಡೆಯ ಮೇಲೆ ದೀಪ. ಸುಳ್ಳು ಹೇಳಿದೆ ಅಂತ ಯಾರೂ ಅನ್ನುವಂತಿಲ್ಲ. ಗ್ರಂಥಪಾಲಕರು ಕೂಡಲೇ ಹಿಡಿದುಕೊಂಡರು, “ಯಾರೋ ತಪ್ಪಿ ಎಲ್ಲೋ ಇಟ್ಟಾರ್ರಿ ಸರ, ಇಷ್ಟು ಪುಸ್ತಕದಾಗ ಆಗತೈತಿ,” ಎಂದರು. ಹುಡುಗಿ ನನ್ನ ಕಡೆ ತಿರುಗಿದಳು. ಬೇಡುವ ನೋಟವಲ್ಲ ಅದು. ನಾನು ಇನ್ನೂ ಏನೋ ಹೇಳುವುದು ಬಾಕಿ ಇದೆ, ಈಗ ಹೇಳುತ್ತೇನೆ ಎಂದು ಕಾಯುತ್ತಿದ್ದಳು. ನಾನು ಹೇಳಲಿಲ್ಲ. ಆಗ ಅವಳು ಪ್ರಾಧ್ಯಾಪಕರ ಕಡೆ ತಿರುಗಿದಳು.

“ಸರ, ನೀವು ಅದನ್ನ ಓದಿದವರು. ರಟ್ಟಿನ ಬಣ್ಣ ಯಾವುದಿತ್ರಿ? ಅಷ್ಟ ಹೇಳಿದ್ರ ಇನ್ನೊಮ್ಮೆ ಹುಡುಕಿ ಬರ್ತೇನ್ರಿ.”

ಕುಚೋದ್ಯಕ್ಕೆ ಕೇಳಿದ್ದಲ್ಲ. ಶನಿವಾರದ ತಾಸಿನಲ್ಲಿ ನಾನೇ ಹೇಳಿಕೊಟ್ಟಿದ್ದೆ: ಪುಸ್ತಕ ಸಿಗದಿದ್ದರೆ ಅದನ್ನು ಹಿಂದೆ ಓದಿದವರನ್ನು ಕೇಳಬೇಕು, ಬಣ್ಣ ಯಾವುದು, ದಪ್ಪ ಎಷ್ಟು, ಎಂದು. ಪ್ರಾಧ್ಯಾಪಕರ ಕೈ ಜೇಬಿನ ಪೆನ್ನಿನ ಮೇಲೆ ಹೋಗಿ ನಿಂತಿತು. 

“ಹಸರು,” ಅಂದರು. “ದಪ್ಪನ್ನ ಪುಸ್ತಕ. ಹಸರು ರಟ್ಟು.” ಆಮೇಲೆ ಬಹಳ ಮೃದುವಾಗಿ, “ಆ ಟಿಪ್ಪಣಿ ತಗದು ಎಲ್ಲಾರೂ ಬರದಂಗ ಬರಕೊಂಡು ಬಾ. ಸಹಿ ಮಾಡ್ತೀನಿ. ನಿನ್ನ ನೌಕರಿ ವಿಚಾರ ನನಗೂ ಗೊತ್ತದ, ನಿನಗ ಕೆಟ್ಟದಾಗಲಿ ಅಂತ ನನಗೇನದ?”

ನಾಲ್ಕು ದಿನದಲ್ಲಿ ಅವಳು ಆ ಪುಟವನ್ನು ಮತ್ತೆ ಟೈಪು ಮಾಡಿಸಿದಳು. ಸುಮಾತ್ರಾ ಪುಸ್ತಕ, ಪುಟ ೨೧೪. ಸಹಿ ಆಯಿತು, ಎಂ.ಫಿಲ್. ಆಯಿತು, ಜೂನಿನಲ್ಲಿ ಕೆಲಸವೂ ಆಯಿತು. ಪ್ರಬಂಧದ ಒಂದು ಪ್ರತಿ ಪದ್ಧತಿಯಂತೆ ನಮ್ಮ ಗ್ರಂಥಾಲಯಕ್ಕೆ ಬಂತು. ನಾನೇ ಅದಕ್ಕೆ ನಂಬರು ಹಾಕಿ ರ‍್ಯಾಕಿಗೆ ಇಟ್ಟೆ, ಶಾಯಿಯಲ್ಲಿ. ಅವಳು ಆಮೇಲೆ ಗ್ರಂಥಾಲಯಕ್ಕೆ ಬರಲಿಲ್ಲ. ನನ್ನ ಕಾಯಂ ಆದೇಶ ಅದೇ ಜುಲೈನಲ್ಲಿ ಕೈಗೆ ಬಂತು. ಮನೆಯಲ್ಲಿ ಹೋಳಿಗೆ ಮಾಡಿದರು, ನಾನು ಎರಡು ತಿಂದೆ. 

ವರ್ಷಗಳು ಹೋದವು. ಪ್ರಾಧ್ಯಾಪಕರಿಗೆ ನಿವೃತ್ತಿಯಾಯಿತು, ಶಾಲು ಹೊದಿಸಿದವರು ‘ಇವರು ಗ್ರಂಥಾಲಯದಲ್ಲೇ ಬಾಳಿದ ಜೀವ’ ಎಂದು ಭಾಷಣ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಆ ನಳ ಕೆಟ್ಟ ದಿನವನ್ನು ನೆನೆಸಿಕೊಂಡೆ. ಎರಡು ಸಾವಿರದ ನಂತರ ನಮ್ಮಲ್ಲಿಗೂ ಕಂಪ್ಯೂಟರು ಬಂದವು. ಡ್ರಾವರಿನ ಕಾರ್ಡುಗಳನ್ನೆಲ್ಲ ಅದಕ್ಕೆ ತುಂಬಲು ಹೊರಗಿನ ಹುಡುಗಿಯರನ್ನು ಕರೆಸಿದ್ದರು. ಕಾರ್ಡು ನೋಡುವುದು, ಒತ್ತುವುದು. ಬಾರದ ಪುಸ್ತಕಗಳೂ ಒಳಗೆ ಹೋದವು. ನಾನು ಆಗ ಗ್ರಂಥಾಲಯದ ಕಾರ್ಡು ವಿಭಾಗ ನೋಡಿಕೊಳ್ಳುತ್ತಿದ್ದೆ, ರಜಿಸ್ಟರು ಹಿಡಿದು ಒಂದೊಂದಾಗಿ ತಾಳೆ ನೋಡಿಸಬಹುದಿತ್ತು. ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಬೇಗ ಮುಗಿಸಿರಿ ಎಂದು ಮೇಲಿನವರ ಗದ್ದಲ. ಬಿಟ್ಟೆ. ಆಮೇಲೆ ಕಂಪ್ಯೂಟರಿನಲ್ಲಿ ಸುಮಾತ್ರಾ ಪುಸ್ತಕದ ಹೆಸರು ಒತ್ತಿದರೆ ‘ಲಭ್ಯವಿದೆ’ ಎಂದು ಬರುತ್ತಿತ್ತು. ಪೆನ್ಸಿಲಿನ ಕಾಲವೇ ವಾಸಿ.

ಆ ಹೊತ್ತಿಗೆ ಬೇರೆ ಊರಿನಲ್ಲಿ ತೀರಿಕೊಂಡ ಒಬ್ಬ ಹಿರಿಯ ಅಧ್ಯಾಪಕರ ಮನೆಯವರು ಅವರ ಪುಸ್ತಕಗಳನ್ನು ನಮ್ಮ ಗ್ರಂಥಾಲಯಕ್ಕೆ ದಾನ ಕೊಟ್ಟರು. ಗೋಣಿಚೀಲಗಳಲ್ಲಿ ಬಂದವು. ಮೂರನೆಯ ಚೀಲದಲ್ಲಿ, ಎರಡು ನಿಘಂಟುಗಳ ನಡುವೆ, ಅದು ಸಿಕ್ಕಿತು. ಸುಮಾತ್ರಾ ಪುಸ್ತಕ. ಹೆಸರು, ಬರೆದವರು, ಪ್ರಕಟವಾದ ವರ್ಷ ಎಲ್ಲ ಕಾರ್ಡಿನಲ್ಲಿ ಇದ್ದಂತೆಯೇ. ಇದೊಂದೇ ಸಲ ಅಚ್ಚಾದದ್ದು ಎಂದು ಮೊದಲ ಹಾಳೆಯ ಹಿಂದೆ ಆ ಅಧ್ಯಾಪಕರು ತಮ್ಮ ಕೈಯಲ್ಲೇ ಬರೆದಿಟ್ಟಿದ್ದರು. ರಟ್ಟು ಇಟ್ಟಂಗಿ ಕೆಂಪು. ತೆಳ್ಳಗಿತ್ತು. ನಾನು ನಿಂತಲ್ಲೇ ಕೊನೆಯ ಪುಟ ತೆಗೆದೆ.

ಪುಟ ೧೬೮. ಅದರ ಆಚೆ ರಟ್ಟು.

ಮನೆಗೆ ಒಯ್ದು ಮೂರು ದಿನ ಓದಿದೆ. ಕಾಯಂ ಕೇರಿಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಬೇರೆ ಎಲ್ಲೋ ಓದಿರಬಹುದು ಎಂದು ನಾನು ಅಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದಕ್ಕೂ ಇನ್ನು ಜಾಗವಿರಲಿಲ್ಲ. ಸಿಟ್ಟು ನೆತ್ತಿಗೇರಿತ್ತು, ನಿಜ ಹೇಳಬೇಕೆಂದರೆ ಒಳಗೊಳಗೇ ಒಂದು ಸಣ್ಣ ಖುಷಿಯೂ ಇತ್ತು. ಆ ಹುಡುಗಿಗೆ ಇದನ್ನು ತೋರಿಸಿದರೆ ಪಾಪ ಅರ್ಧ ಇಳಿದೀತು ಎಂದು ಲೆಕ್ಕ ಹಾಕಿಕೊಂಡೆ. ಪುಸ್ತಕವನ್ನು ನನ್ನ ಹೆಸರಿಗೆ ಬರೆದುಕೊಂಡು ಹುಬ್ಬಳ್ಳಿಯ ಅವಳ ಕಾಲೇಜಿಗೆ ಹೋದೆ.

ತರಗತಿ ನಡೆದಿತ್ತು. ವರಾಂಡದಲ್ಲಿ ನಿಂತೆ. ಒಳಗಿನಿಂದ ಅವಳ ದನಿ ಕೇಳಿತು, ದಪ್ಪಗಾಗಿತ್ತು, ಆದರೆ ಗುರುತು ಹತ್ತಿತು. “ಗ್ರಂಥಾಲಯವು ಜ್ಞಾನದ ಭಂಡಾರವಾಗಿದೆ, ಪೂರ್ಣವಿರಾಮ.” ಕಿಟಕಿಯಿಂದ ನೋಡಿದೆ. ಕೈಯಲ್ಲಿ ಒಂದು ಕಟ್ಟು ಹಾಳೆ. ಹುಡುಗ ಹುಡುಗಿಯರು ತಲೆ ತಗ್ಗಿಸಿ ಬರೆಯುತ್ತಿದ್ದರು. ನನಗೆ ಹೇಸಿಗೆ ಬಂತು, ಯಾರ ಮೇಲೆ ಎಂದು ಕೇಳಿದರೆ ಆ ಕ್ಷಣಕ್ಕೆ ಅವಳ ಮೇಲೆಯೇ.

ಗಂಟೆಯಾದ ಮೇಲೆ ಹೊರಗೆ ಬಂದಳು. ಗುರುತು ಹಿಡಿದಳು, ನಕ್ಕಳು, ತಾಯಿ ಆರಾಮ ಇದ್ದಾಳೆ, ರೊಟ್ಟಿ ಬಡಿಯುವುದು ಬಿಡಿಸಿದ್ದೇನೆ ಎಂದಳು. ನೀ ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ ನಾನು ಸುಮ್ಮನೆ ಪುಸ್ತಕವನ್ನು ಮುಂದೆ ಹಿಡಿದೆ. ಹೆಸರು ಓದಿದಳು. ರಟ್ಟನ್ನು ನೋಡಿದಳು.

“ಹಸರಿಲ್ಲ,” ಅಂದಳು.

ಆಮೇಲೆ, ನಾನು ಮಾಡಿದಂತೆಯೇ, ಕೊನೆಯ ಪುಟ ತೆಗೆದಳು. ನೋಡಿ ಮುಚ್ಚಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ನನ್ನ ಹುಡುಗರು ಸಣ್ಣ ಪ್ರಬಂಧ ಬರೀತಾರ್ರಿ, ವರ್ಷಾ ವರ್ಷಾ. ಎಲ್ಲಾರೂ ೨೧೪ ಅಂತನ ಬರದಾರ.”

“ಅವತ್ತ ಈ ಪುಸ್ತಕ ಇದ್ದಿದ್ರ...” ಎಂದು ನಾನು ಶುರು ಮಾಡಿದೆ.

“ಪುಸ್ತಕ ಯಾಕ ಬೇಕಿತ್ರಿ ಅಕ್ಕಾರ? ನೀವು ಇದ್ದಿರಲ್ಲ ಅಲ್ಲೆ.”

ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸು ಎಷ್ಟಕ್ಕಿದೆ ಎಂದು ಹೇಳುವಷ್ಟು ಸಾದಾ ದನಿ.  ಪುಸ್ತಕ ನಿನ್ನ ಹತ್ತಿರ ಇರಲಿ, ಹುಡುಗರಿಗೆ ತೋರಿಸು ಎಂದೆ. ಅವಳು ಅದನ್ನು ಎರಡೂ ಕೈಯಿಂದ ನನಗೆ ವಾಪಸು ಕೊಟ್ಟಳು.

“ಬ್ಯಾಡ್ರಿ. ನಿಮ್ಮ ರ‍್ಯಾಕಿನ್ಯಾಗ ಇರ್ಲಿ.”

“ನಿಮ್ಮ ಹುಡುಗರು ಹುಡುಕಿಕೊಂಡ ಬಂದ್ರ ಕೊಡತೇನಿ,” ಅಂದೆ. ಏನಾದರೂ ಅನ್ನಬೇಕಿತ್ತು.

“ಯಾರೂ ಬರೂದಿಲ್ರಿ ಅಕ್ಕಾರ,” ಅಂದಳು. “ನಾ ಹಂಗ ಕಲಿಸೇನಿ.”

ಮುಂದಿನ ತರಗತಿಯ ಗಂಟೆ ಬಾರಿಸಿತು. ಅವಳು ಹಾಳೆಗಳ ಕಟ್ಟು ತೆಗೆದುಕೊಂಡು ಒಳಗೆ ಹೋದಳು. ನಾನು ಬಸ್ಸು ಹಿಡಿದು ಧಾರವಾಡಕ್ಕೆ ಬಂದು ಪುಸ್ತಕವನ್ನು ಅದರ ಜಾಗಕ್ಕೆ ಇಟ್ಟೆ. ನಿವೃತ್ತಿಯಾಗುವ ದಿನ ತೆಗೆದು ನೋಡಿದೆ. ಅದರ ಹಿಂದಿನ ಚೀಟಿಯ ಮೇಲೆ ತಾರೀಖಿನ ಮುದ್ರೆ ಒಂದೇ ಇತ್ತು, ನಾನು ಒಯ್ದದ್ದು.